ಔಷಧವಿದ್ಯೆಯ ಆಚಾರ್ಯ ಮಹಾದೇವ ಲಾಲ್ ಶ್ರಾಫ್

ಬೆಂಗಳೂರಿನ ಹೊರವಲಯವು ಇಂದು ಔಷಧೋದ್ಯಮಕ್ಕೆ ಹೆಸರಾದ ಸ್ಥಳವಾಗಿರುವುದು. 1981ರಲ್ಲಿ ಸ್ಥಾಪಿತವಾದ ಸರ್ಕಾರಿ ಒಡೆತನದ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆಯ ಕಾರ್ಖಾನೆಯು ಪೀಣ್ಯದಲ್ಲಿರುವುದು; ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಯೋಕಾನ್ ಇರುವುದು; ವೈಟ್‌ಫೀಲ್ಡಿನಲ್ಲಿ ವೈದೇಹಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯಿರುವುದು. ಔಷಧವನ್ನು ಮಾಡುವ ಮನೆಯೂ ಅದನ್ನು ರೋಗಿಗೆ ಕೊಡುವ ಮನೆಯೂ ಹೀಗೆ ಒಂದೇ ಊರಿನ ಅಂಚಿನಲ್ಲಿ ನೆಲೆಸಿವೆ. ಇವೆರಡರ ನಡುವೆ ನಿಲ್ಲತಕ್ಕವನು ಫಾರ್ಮಸಿಸ್ಟನು. ಅವನಿಗೆ ವಿಶ್ವವಿದ್ಯಾನಿಲಯದ ಮಟ್ಟದ ಶಿಕ್ಷಣವನ್ನು ನಮ್ಮ ದೇಶದಲ್ಲಿ ಮೊದಲು ಏರ್ಪಡಿಸಿದ ಮಹನೀಯರ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮಹಾದೇವ ಲಾಲ್ ಶ್ರಾಫರು 1902ನೆಯ ಇಸವಿ ಮಾರ್ಚ್ 6ನೆಯ ತಾರೀಖು ಬಿಹಾರ ಪ್ರಾಂತದ ದರ್ಭಂಗಾದಲ್ಲಿ ಜನಿಸಿದರು. ತಾರುಣ್ಯದಲ್ಲಿಯೇ ಕಡಲು ದಾಟಿ ಅಮೆರಿಕೆಗೆ ಹೋಗಿ, ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರವನ್ನೂ ರಾಸಾಯನಿಕ ಎಂಜಿನಿಯರಿಂಗನ್ನೂ ಅಭ್ಯಾಸಮಾಡಿದರು. ಅಂತಹ ವಿದ್ಯೆಯುಳ್ಳವರಿಗೆ ಪರದೇಶದಲ್ಲಿ ಜೀವನೋಪಾಯವು ದುರ್ಲಭವಾಗಿರಲಿಲ್ಲ. ಆದರೂ ಅವರು ಸ್ವದೇಶಕ್ಕೆ ಮರಳಿದರು.

ಆಗ ದೇಶದ ಸ್ಥಿತಿಯು ಶೋಚನೀಯವಾಗಿತ್ತು. ಔಷಧಗಳಲ್ಲಿ ಬಹುಭಾಗವು ಹಡಗಿನಲ್ಲಿ ಬರುತ್ತಿದ್ದಿತು. ಅವುಗಳ ಶುದ್ಧಾಶುದ್ಧತೆಯನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ಪರೀಕ್ಷಿಸುವ ಕಾನೂನೇ ಇರಲಿಲ್ಲ. ವಿದ್ಯೆಯಿದ್ದವನೂ ಇಲ್ಲದವನೂ ಸಮನಾಗಿ ಔಷಧದ ಅಂಗಡಿ ತೆರೆಯಬಹುದಾಗಿತ್ತು. ಕಾಂಪೌಂಡರನ ಕೆಲಸವೆಂದರೆ ವೈದ್ಯರ ಪಕ್ಕದಲ್ಲಿ ನಿಂತು ನೋಡಿ ಕಲಿಯುವ ಕೈಕಸುಬೆಂದೇ ಎಣಿಕೆಯಾಗಿದ್ದಿತು. 1930ರಲ್ಲಿ ಸರ್ಕಾರವು ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಮರುವರ್ಷವೇ ಆ ಸಮಿತಿಯು ವರದಿಯನ್ನೊಪ್ಪಿಸಿ, ಔಷಧಗಳಿಗೆ ಕಾನೂನಿನ ನಿಯಂತ್ರಣವೂ ಫಾರ್ಮಸಿ ವೃತ್ತಿಗೆ ಕ್ರಮವಾದ ಶಿಕ್ಷಣವೂ ಅವಶ್ಯಕವೆಂದು ಸೂಚಿಸಿತು. ಔಷಧಗಳ ಕಾನೂನು ಆದದ್ದು 1940ರಲ್ಲಿ. ಫಾರ್ಮಸಿ ಕಾನೂನು ಆದದ್ದು 1948ರಲ್ಲಿ.

ಶ್ರಾಫರು ಕಾನೂನಿಗಾಗಿ ಕಾದು ಕುಳಿತವರಲ್ಲ. ಪಂಡಿತ ಮದನಮೋಹನ ಮಾಳವೀಯರ ಆಶ್ರಯದಲ್ಲಿ, ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ, 1932ರಲ್ಲಿ ಔಷಧರಸಾಯನದ ಬೋಧನೆಯನ್ನು ಆರಂಭಿಸಿದರು. 1937ರಲ್ಲಿ ಬಿ.ಫಾರ್ಮ್. ಪದವಿಯ ಪಾಠಕ್ರಮವೂ, 1940ರಲ್ಲಿ ಸ್ನಾತಕೋತ್ತರ ಎಂ.ಫಾರ್ಮ್. ಅಧ್ಯಯನವೂ ಏರ್ಪಟ್ಟವು. ವೃತ್ತಿಗೆ ಸಂಘಬಲ ಬೇಕೆಂದು ಬಗೆದು 1935ರಲ್ಲಿ ಸಂಯುಕ್ತ ಪ್ರಾಂತಗಳಲ್ಲಿ ಅವರು ಕಟ್ಟಿದ ಸಂಘವೇ 1939ರಲ್ಲಿ ಅಖಿಲ ಭಾರತದ ಫಾರ್ಮಸಿ ಸಂಘವಾಯಿತು. ಅದೇ ವರ್ಷ ಈ ಶಾಸ್ತ್ರಕ್ಕೆಂದೇ ಒಂದು ಪತ್ರಿಕೆಯು ಅವರ ಸಂಪಾದಕತ್ವದಲ್ಲಿ ಹೊರಟಿತು. ಪಾಠಶಾಲೆ, ಸಂಘ, ಪತ್ರಿಕೆ ಇವು ಮೂರೂ ಒಬ್ಬರ ಶ್ರಮದಿಂದ ಒಂದು ದಶಕದೊಳಗೆ ನೆಲೆಗೊಂಡವೆಂಬುದು ಸಾಮಾನ್ಯ ಸಂಗತಿಯಲ್ಲ.

1943ರಲ್ಲಿ ಅವರು ಕಾಶಿಯನ್ನು ಬಿಟ್ಟು ಕಲ್ಕತ್ತೆಯ ಬಿರ್ಲಾ ಪ್ರಯೋಗಶಾಲೆಯನ್ನು ಸೇರಿದರು. ಆದರೆ ಬೋಧನೆಯ ಋಣವು ತೀರಲಿಲ್ಲ. ಕೆಲವು ವರ್ಷಗಳ ತರುವಾಯ ರಾಜಸ್ಥಾನದ ಪಿಲಾನಿಯಲ್ಲಿ ಫಾರ್ಮಸಿ ಶಿಕ್ಷಣವನ್ನು ಕಟ್ಟಿದವರೂ ಅವರೇ. 1971ರ ಆಗಸ್ಟ್ ತಿಂಗಳಿನಲ್ಲಿ ಅವರು ದಿವಂಗತರಾದರು. ಈಚೆಗೆ ಅವರ ಜನ್ಮದಿನವು ರಾಷ್ಟ್ರೀಯ ಫಾರ್ಮಸಿ ಶಿಕ್ಷಣ ದಿನವಾಗಿ ಆಚರಣೆಗೆ ಬಂದಿರುವುದು.

ಇಷ್ಟಾದರೂ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಶ್ರಾಫರ ಪಾಠಕ್ರಮವು ಮುಖ್ಯವಾಗಿ ಪ್ರಯೋಗಶಾಲೆಗೂ ಕಾರ್ಖಾನೆಗೂ ಸಲ್ಲತಕ್ಕದ್ದಾಗಿದ್ದಿತು. ತನ್ನ ಔಷಧವನ್ನು ತಾನೇ ಮಾಡಿಕೊಳ್ಳಲಾರದ ದೇಶಕ್ಕೆ ಮೊದಲು ಬೇಕಾದದ್ದು ಅದೇ. ಅತ್ತ ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಹಾರ್ವೆ ವಿಟ್ನಿಯವರು 1927ರಲ್ಲಿಯೇ ಫಾರ್ಮಸಿಸ್ಟರಿಗೆ ಆಸ್ಪತ್ರೆಯೊಳಗಿನ ತರಬೇತನ್ನು ಆರಂಭಿಸಿದ್ದರು. ಇಂದಿನ ರೆಸಿಡೆನ್ಸಿ ಪದ್ಧತಿಯು ಅದರಿಂದ ಬೆಳೆದು ಬಂದುದು. ನಮ್ಮಲ್ಲಿ ಫಾರ್ಮಸಿಸ್ಟನು ರೋಗಿಯ ಹಾಸಿಗೆಯ ಬಳಿಗೆ ಬರಲು ಬಹುಕಾಲ ಹಿಡಿಯಿತು.

ಕನ್ನಡನಾಡು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲವೆಂಬುದು ಸಂತೋಷದ ಸಂಗತಿ. 1964ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಫಾರ್ಮಸಿ ಕಾಲೇಜು ಸ್ಥಾಪಿತವಾಯಿತು. 1990ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನ ಜೆ.ಎಸ್.ಎಸ್. ಕಾಲೇಜು, ಆಸ್ಟ್ರೇಲಿಯದ ತಜ್ಞರ ನೆರವಿನಿಂದ, ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಆಸ್ಪತ್ರೆಯ ವಾರ್ಡುಗಳಿಗೆ ಕರೆದೊಯ್ದಿತು. 2008ರ ಫಾರ್ಮ್.ಡಿ. ನಿಯಮಗಳು ಈ ಪದ್ಧತಿಗೆ ದೇಶವ್ಯಾಪಿಯಾದ ರೂಪವನ್ನು ಕೊಟ್ಟವು. ಬಿ.ಫಾರ್ಮ್. ಪದವೀಧರರು ಇನ್ನು ಮೂರು ವರ್ಷ ಓದಬೇಕು. ಅದರಲ್ಲಿ ಕಡೆಯ ಒಂದು ವರ್ಷವನ್ನು ಆಸ್ಪತ್ರೆಯಲ್ಲಿಯೇ ಕಳೆಯಬೇಕು. ಆ ವರ್ಷದಲ್ಲಿ ಆರು ತಿಂಗಳು ಸಾಮಾನ್ಯ ವೈದ್ಯ ವಿಭಾಗಕ್ಕೂ, ತಲಾ ಎರಡು ತಿಂಗಳು ಬೇರೆ ಮೂರು ವಿಭಾಗಗಳಿಗೂ ಸಲ್ಲುವುವು. ಆಸ್ಪತ್ರೆಯಲ್ಲಿ ಕನಿಷ್ಠ 300 ಹಾಸಿಗೆಗಳಿರಬೇಕೆಂದೂ ವಿಧಿಸಿದೆ.

ಆ ಒಂದು ವರ್ಷದ ಮೇಲೆಯೇ ಎಲ್ಲವೂ ನಿಂತಿರುವುದು. ಐದಾರು ಔಷಧಗಳನ್ನು ಒಟ್ಟಿಗೆ ಸೇವಿಸುವ ವೃದ್ಧನಿಗೆ ಯಾವುದು ಯಾವುದರೊಡನೆ ವಿರೋಧಿಸುವುದು, ಮೂತ್ರಪಿಂಡ ಕುಂದಿದವನಿಗೆ ಪ್ರಮಾಣವನ್ನು ಎಷ್ಟು ತಗ್ಗಿಸಬೇಕು ಎಂಬ ವಿವೇಕವು ಪುಸ್ತಕದಿಂದ ಮಾತ್ರ ಬರತಕ್ಕದ್ದಲ್ಲ. ವೈದ್ಯರ ಜೊತೆಯಲ್ಲಿ ವಾರ್ಡಿನಲ್ಲಿ ನಡೆದು, ಚೀಟಿಯನ್ನು ಪರಿಶೀಲಿಸಿ, ಸಂದೇಹವಿದ್ದಲ್ಲಿ ವಿನಯದಿಂದ ಆದರೆ ಧೈರ್ಯದಿಂದ ನುಡಿಯುವ ಅಭ್ಯಾಸದಿಂದ ಅದು ಬರತಕ್ಕದ್ದು. ಹಾಜರಿ ಪುಸ್ತಕದ ಸಹಿಗೇ ಆ ವರ್ಷವು ಮುಗಿದುಹೋದರೆ ನಷ್ಟವು ವಿದ್ಯಾರ್ಥಿಗೆ ಸ್ವಲ್ಪ, ರೋಗಿಗೆ ಬಹಳ. ಬೋಧನಾ ಆಸ್ಪತ್ರೆಗಳನ್ನು ನಡೆಸುವವರೂ ಸರ್ಕಾರದ ಆರೋಗ್ಯಾಧಿಕಾರಿಗಳೂ ಈ ತರಬೇತಿಗೆ ಸಮರ್ಥ ಗುರುಗಳನ್ನು ಒದಗಿಸಿ, ತರಬೇತಾದವರಿಗೆ ವಾರ್ಡಿನಲ್ಲಿಯೇ ಯೋಗ್ಯ ಸ್ಥಾನವನ್ನು ಕಲ್ಪಿಸಬೇಕೆಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ. ಶ್ರಾಫರು ಕಾನೂನು ಹುಟ್ಟುವ ಮೊದಲೇ ಪಾಠಶಾಲೆಯನ್ನು ಕಟ್ಟಿದರು. ಕಾನೂನೂ ಕಾಲೇಜೂ ಎರಡೂ ಇರುವ ನಾವು ಅಷ್ಟನ್ನಾದರೂ ಮಾಡದಿದ್ದರೆ ಅವರ ಜಯಂತಿಯನ್ನು ಆಚರಿಸುವುದಕ್ಕೆ ಅರ್ಥವಿರುವುದಿಲ್ಲ.