ಮೂರನೆಯ ಭಾಷೆಯಲ್ಲಿ ಬರೆದ ಕಿಟೆಲ್

ಎಂ.ಜಿ. ರಸ್ತೆಯಲ್ಲಿ ಮೇಯೊ ಹಾಲ್ ಹತ್ತಿರ ಇರುವ ಪ್ರತಿಮೆ ರೆವರೆಂಡ್ ಫರ್ಡಿನೆಂಡ್ ಕಿಟೆಲ್ ಅವರದು. ಆಸ್ಟಿನ್ ಟೌನಿಗೆ ಕಿಟೆಲ್ ನಗರ ಎಂಬ ಹೆಸರು ಬಂದದ್ದೂ ಅವರಿಂದಲೇ. ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದವರು ಎಂದು ಎಲ್ಲರಿಗೂ ಗೊತ್ತು. ಆದರೆ ಕನ್ನಡ ಅವರ ಮನೆಮಾತಲ್ಲ, ಇಂಗ್ಲಿಷೂ ಅಲ್ಲ ಎಂಬುದನ್ನು ನಾವು ಮರೆಯುತ್ತೇವೆ.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ. ತಂದೆ ಪಾದ್ರಿ. ಬಾಸೆಲ್ ಮಿಶನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಕೊಡಗು ಎಂದು ಓಡಾಡುತ್ತ ಜನರ ಬಾಯಿಂದಲೇ ಕನ್ನಡ ಕಲಿತರು. 1862ರಲ್ಲಿ ಏಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಬರೆದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು.

ಇಲ್ಲಿ ಸ್ವಲ್ಪ ನಿಂತು ನಮ್ಮ ಇಂಗ್ಲಿಷ್ ಪೀರಿಯಡ್ಡಿನ ವಿಷಯ ಹೇಳಬೇಕು. ಶ್ರೀನಗರದ ನಮ್ಮ ತರಗತಿಗಳಲ್ಲಿ ಅನೇಕರಿಗೆ ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್. ‘ಹಿ ಸೆಡ್ ದಟ್ ಹಿ ಟುಮಾರೋ ವಿಲ್ ಕಮ್’ ಎಂದು ಬರೆದರೆ ಕೆಂಪು ಗೆರೆ ಬೀಳುತ್ತದೆ. ಹಾಗೆ ಬರೆಯುವುದು ದಡ್ಡತನದಿಂದಲ್ಲ. ‘ಅವನು ನಾಳೆ ಬರುತ್ತೇನೆ ಎಂದ’ ಎಂಬಲ್ಲಿ ‘ನಾಳೆ’ ಕ್ರಿಯಾಪದಕ್ಕೆ ಮುಂಚೆಯೇ ಇದೆ. ಮನೆಯ ದಖ್ಖನಿಯಲ್ಲೂ ಅಷ್ಟೆ, ‘ಕಲ್ ಆತೂಂ ಬೋಲ್‌ಕೆ ಬೋಲ್ಯಾ’. (ಈ ‘ಬೋಲ್‌ಕೆ’ ನಮ್ಮ ‘ಎಂದು’ವಿನ ತದ್ರೂಪು, ನೆರೆಹೊರೆಯ ಭಾಷೆಗಳಿಂದ ದಖ್ಖನಿ ಕಲಿತದ್ದು.) ಕಿಟೆಲ್ಲರ ಜರ್ಮನ್ ಕೂಡ ಉಪವಾಕ್ಯ ಬಂದ ಕೂಡಲೇ ಕ್ರಿಯಾಪದವನ್ನು ಕೊನೆಗೆ ಕಳಿಸಿ ‘ನಾಳೆ’ಯನ್ನು ಅದರ ಮುಂದಿಡುತ್ತದೆ: ‘ದಾಸ್ ಎರ್ ಮೋರ್ಗೆನ್ ಕೊಮ್ಟ್’. ಒಂದೊಂದೇ ಪದ ಕನ್ನಡಕ್ಕೆ ತಂದರೆ ‘ಅವನು ನಾಳೆ ಬರುತ್ತಾನೆ’ ಎಂಬ ಅದೇ ಕ್ರಮ. ಈ ನಾಲ್ಕರಲ್ಲಿ ಬೇರೆ ದಾರಿ ಹಿಡಿದದ್ದು ಇಂಗ್ಲಿಷ್ ಒಂದೇ.

ಇಂಗ್ಲಿಷಿನಲ್ಲಿ ಕಾಲ ಹೇಳುವ ಪದ ಉಪವಾಕ್ಯದೊಳಗೂ ಸಾಮಾನ್ಯವಾಗಿ ಕೊನೆಗೇ ಹೋಗುತ್ತದೆ: ‘ದಟ್ ಹಿ ವುಡ್ ಕಮ್ ಟುಮಾರೋ’. ‘ಆಲ್ವೇಸ್’ ಮಾತ್ರ ಬೇರೆ. ‘ಬಿಕಾಸ್ ಹಿ ಆಲ್ವೇಸ್ ಕಮ್ಸ್ ಲೇಟ್’ ಎಂಬಲ್ಲಿ ಅದು ಕ್ರಿಯಾಪದದ ಮುಂದೆ, ‘ಬಿಕಾಸ್ ಹಿ ಈಸ್ ಆಲ್ವೇಸ್ ಲೇಟ್’ ಎಂಬಲ್ಲಿ ‘ಈಸ್’ನ ಹಿಂದೆ. ಜಾಗ ತಪ್ಪಿದರೆ ಅರ್ಥವೂ ಬದಲಾಗಬಹುದು. ‘ಅವನು ನಿನ್ನೆ ಬಂದೆ ಎಂದ’ ಎಂದಾಗ ನಿನ್ನೆ ಬಂದದ್ದೋ, ನಿನ್ನೆ ಹೇಳಿದ್ದೋ ಎಂಬುದನ್ನು ನಾವು ದನಿಯಿಂದ ತಿಳಿಯುತ್ತೇವೆ. ಇಂಗ್ಲಿಷಿನಲ್ಲಿ ‘ಯೆಸ್ಟರ್ಡೇ’ಯನ್ನು ‘ಸೆಡ್’ ಆದಮೇಲೆ ‘ದಟ್’ಗೆ ಮೊದಲು ಇಟ್ಟರೆ ಹೇಳಿದ್ದು ನಿನ್ನೆ, ವಾಕ್ಯದ ಕೊನೆಗಿಟ್ಟರೆ ಸಾಮಾನ್ಯವಾಗಿ ಬಂದದ್ದು ನಿನ್ನೆ.

ಹೀಗೆ ಮನೆಮಾತು ಒಂದು ಕಡೆ ಎಳೆಯುವಾಗ, ಕಿಟೆಲ್ ಕನ್ನಡವನ್ನು ಇಂಗ್ಲಿಷಿನಲ್ಲಿ ವಿವರಿಸಲು ಕೂತರು. ನಿಘಂಟಿಗಾಗಿ ಕುಟುಂಬವನ್ನು ಜರ್ಮನಿಯಲ್ಲಿ ಬಿಟ್ಟು ಮತ್ತೆ ಇಲ್ಲಿಗೆ ಬಂದರು. ಆ ದುಡಿಮೆಯಲ್ಲಿ ಕಣ್ಣು ಕೆಟ್ಟಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ, 1,752 ಪುಟ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅಷ್ಟು ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು. ಬೇರೆಯವರಾಗಿದ್ದರೆ ಅಲ್ಲಿಗೆ ಸಾಕು ಎನ್ನುತ್ತಿದ್ದರು. ಕಿಟೆಲ್ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣಕ್ಕೆ ಕೈ ಹಾಕಿದರು, ಅದೂ ಇಂಗ್ಲಿಷಿನಲ್ಲೇ. ಅದು ಮಂಗಳೂರಿನಲ್ಲಿ ಪ್ರಕಟವಾದದ್ದು 1903ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟೆಲ್ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು.