ಸಮವಸ್ತ್ರ ತೊಟ್ಟ ಸಂಗೀತ

ಸರ್ಕಾರಿ ವ್ಯವಸ್ಥೆಯೊಳಗೆ ಕಲೆ ಉಸಿರಾಡಬಲ್ಲುದೇ? ಬದುಕಿನ ಬಹುಪಾಲನ್ನು ಕಡತಗಳ ನಡುವೆ ಕಳೆದ ನನ್ನಂಥವರಿಗೆ ಈ ಪ್ರಶ್ನೆ ಎದುರಾದಾಗಲೆಲ್ಲ ನೆನಪಾಗುವುದು ಅಮೆರಿಕದ ಬ್ಯಾಂಡ್ ನಾಯಕ ಗ್ಲೆನ್ ಮಿಲ್ಲರ್.

1904ರಲ್ಲಿ ಅಯೋವಾ ರಾಜ್ಯದ ಕ್ಲಾರಿಂಡಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಮಿಲ್ಲರ್ ಟ್ರೊಂಬೋನ್ ವಾದಕ. ಆತ ಕಟ್ಟಿದ ಮೊದಲ ವಾದ್ಯವೃಂದ ವರ್ಷ ತುಂಬುವುದರೊಳಗೆ ಮುಚ್ಚಿತು. 1938ರಲ್ಲಿ ಕಟ್ಟಿದ ಎರಡನೆಯದು ಮಾತ್ರ ದೇಶದ ಮನೆಮಾತಾಯಿತು. ಅದರ ಒಂದು ಧ್ವನಿಮುದ್ರಿಕೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದಾಗ, 1942ರ ಫೆಬ್ರುವರಿಯಲ್ಲಿ, ಕಂಪನಿ ಆತನಿಗೆ ಚಿನ್ನದ ಲೇಪವಿದ್ದ ತಟ್ಟೆಯನ್ನೇ ಕೊಟ್ಟು ಗೌರವಿಸಿತು.

ಕೆಲವೇ ತಿಂಗಳಲ್ಲಿ ಮಿಲ್ಲರ್ ಆ ವೃಂದವನ್ನು ವಿಸರ್ಜಿಸಿ ಸ್ವಇಚ್ಛೆಯಿಂದ ಸೇನೆ ಸೇರಿದ. ಆಗ ವಯಸ್ಸು 38. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಅಷ್ಟು ದೊಡ್ಡ ಅವಕಾಶ ವೆಚ್ಚವನ್ನು ತೆರಲು ಒಪ್ಪಿದ ಕಲಾವಿದರು ವಿರಳ.

ಸೇನೆಯಲ್ಲಿ ಕಾದಿದ್ದು ಸಂಪ್ರದಾಯ. ಪಥಸಂಚಲನದ ಸಂಗೀತಕ್ಕೆ ಜಾಝ್ ಲಯ ಬೆರೆಸಿದ್ದು ಹಳಬರಿಗೆ ಹಿಡಿಸಲಿಲ್ಲ. ಮಿಲ್ಲರ್ ಮಣಿಯಲಿಲ್ಲ. 1943ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆವರಣದಲ್ಲಿ ವಾಯುಪಡೆಗಾಗಿ ಆತ ರೂಪಿಸಿದ ತಂಡದಲ್ಲಿ ಪಿಟೀಲುಗಳೂ ಇದ್ದವು, ಸೈನಿಕರದೇ ಒಂದು ಗಾಯನ ಬಳಗವೂ ಇತ್ತು. ಅದರ ಹೆಸರು 'ಕ್ರೂ ಚೀಫ್ಸ್'. ವಿಮಾನಗಳನ್ನು ಹಾರಾಟಕ್ಕೆ ಸಜ್ಜುಗೊಳಿಸುವ ನೆಲದ ಸಿಬ್ಬಂದಿಯ ಮುಖ್ಯಸ್ಥರಿಗಿರುವ ಹೆಸರು ಅದು.

1944ರ ಬೇಸಿಗೆಯಲ್ಲಿ ತಂಡ ಇಂಗ್ಲೆಂಡಿಗೆ ಬಂತು. ಲಂಡನ್ನಿನ ಮೇಲೆ ಹಾರುಬಾಂಬುಗಳು ಬೀಳುತ್ತಿದ್ದುದರಿಂದ ಬೆಡ್‌ಫರ್ಡ್‌ನಲ್ಲಿ ನೆಲೆ ಹೂಡಿತು. ವಿಮಾನ ನಿಲ್ದಾಣಗಳ ಹ್ಯಾಂಗರುಗಳೇ ಅದರ ಸಭಾಂಗಣ. ಮತ್ತೆ ಮರಳುತ್ತೇವೆಂಬ ಭರವಸೆಯಿಲ್ಲದ ತರುಣರೇ ಶ್ರೋತೃಗಳು. ಜರ್ಮನ್ ಸೈನಿಕರನ್ನು ಉದ್ದೇಶಿಸಿಯೂ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಕಾರ್ಯಕ್ರಮಗಳು ಮುದ್ರಣಗೊಂಡವು. ಅಮೆರಿಕದ ಗಾಯಕರು ಶತ್ರುವಿನ ಭಾಷೆಯಲ್ಲೇ ಹಾಡಿದರು.

1944ರ ಡಿಸೆಂಬರ್ 15ರಂದು, ಪ್ಯಾರಿಸ್‌ಗೆ ತಂಡವನ್ನು ಬರಮಾಡಿಕೊಳ್ಳುವ ಏರ್ಪಾಡಿಗಾಗಿ ಮೇಜರ್ ಮಿಲ್ಲರ್ ಮುಂಚಿತವಾಗಿ ಹೊರಟ. ಹವೆ ಕೆಟ್ಟಿತ್ತು. ಸಣ್ಣ ವಿಮಾನ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಕಣ್ಮರೆಯಾಯಿತು, ಅವಶೇಷವೂ ದೊರೆಯಲಿಲ್ಲ. ನಾಯಕನಿಲ್ಲದೆಯೂ ತಂಡ ಪ್ಯಾರಿಸ್‌ನಲ್ಲಿ ನುಡಿಸಿತು, ಹಾಡಿತು. ಯುದ್ಧ ಮುಗಿದ ಮೇಲೆ, 1945ರಲ್ಲಿ, ಚದುರಿಹೋಯಿತು.

ಆಯುಸ್ಸು ಮೂರು ವರ್ಷವೂ ಇಲ್ಲ. ಆದರೂ ಆ ಧ್ವನಿಮುದ್ರಣಗಳು ಇಂದಿಗೂ ಕೇಳಸಿಗುತ್ತವೆ. ಸೇನೆ ಮಿಲ್ಲರ್‌ಗೆ ಸಮವಸ್ತ್ರ, ಸಂಬಳ, ಶಿಸ್ತು ಕೊಟ್ಟಿತು. ಗೊಣಗುತ್ತಲೇ ಆದರೂ ಸ್ವರವನ್ನು ಆತನಿಗೇ ಬಿಟ್ಟಿತು. ಕಲೆಗೆ ಅನುದಾನ ಕೊಡುವ ಕೈ ತಾಳವನ್ನೂ ತಾನೇ ಹಾಕಲು ಹೊರಡಬಾರದು. ಆಡಳಿತದಲ್ಲಿರುವವರು ಈ ಬದುಕಿನಿಂದ ಕಲಿಯಬೇಕಾದ ಪಾಠ ಇದೇ.