ವೈದ್ಯಶ್ರೇಷ್ಠ ಇಬ್ನ್ ಸೀನಾ

ಮಧ್ಯ ಏಷ್ಯದ ಬುಖಾರಾ ನಗರವು ಒಂದು ಸಾವಿರ ವರ್ಷಗಳ ಹಿಂದೆ ಸಾಮಾನಿ ಅರಸರ ರಾಜಧಾನಿಯಾಗಿ ಮೆರೆಯುತ್ತಿತ್ತು. ಇಂದು ಅದು ಉಜ್ಬೆಕಿಸ್ತಾನಕ್ಕೆ ಸೇರಿದೆ. ಆ ನಗರದ ಸಮೀಪದ ಅಫ್ಶಾನಾ ಎಂಬ ಹಳ್ಳಿಯಲ್ಲಿ ಕ್ರಿ. ಶ. ೯೮೦ರಲ್ಲಿ ಇಬ್ನ್ ಸೀನಾ ಜನಿಸಿದನು. ಯೂರೋಪಿನವರು ಆತನನ್ನು ಅವಿಸೆನ್ನ ಎಂದು ಕರೆದರು. ತಂದೆ ಅಬ್ದುಲ್ಲಾ ಬಲ್ಖ್ ಪಟ್ಟಣದಿಂದ ಬಂದು ಅರಸನ ಸೇವೆಯಲ್ಲಿದ್ದ ಅಧಿಕಾರಿ.

ಬಾಲಕನ ಬುದ್ಧಿಶಕ್ತಿ ಅಸಾಧಾರಣವಾಗಿತ್ತು. ಹತ್ತನೆಯ ವಯಸ್ಸಿಗೆ ಕುರಾನು ಆತನಿಗೆ ಕಂಠಪಾಠವಾಗಿತ್ತು. ಭಾರತೀಯ ಅಂಕಗಣಿತವನ್ನು ಕಲಿಯಲು ತಂದೆಯು ಆತನನ್ನು ಕಾಯಿಪಲ್ಯ ಮಾರುವವನೊಬ್ಬನ ಬಳಿಗೆ ಕಳುಹಿಸಿದನು. ನಮ್ಮ ನಾಡಿನ ಲೆಕ್ಕದ ವಿದ್ಯೆ ಅಷ್ಟು ದೂರದ ಅಂಗಡಿಯೊಂದನ್ನು ಮುಟ್ಟಿದ್ದಿತೆಂಬುದು ಸಂತೋಷದ ಸಂಗತಿ. ಹದಿನಾರರ ವೇಳೆಗೆ ಆತನು ರೋಗಿಗಳನ್ನು ನೋಡತೊಡಗಿದ್ದನು. ವಯಸ್ಸಾದ ವೈದ್ಯರೂ ಆತನ ಬಳಿ ಓದಲು ಬರುತ್ತಿದ್ದರು. ವೈದ್ಯವು ಆತನಿಗೆ ಸುಲಭವಾಗಿ ಒಲಿಯಿತು. ಆದರೆ ಅರಿಸ್ಟಾಟಲನ ತತ್ತ್ವಗ್ರಂಥವೊಂದನ್ನು ನಲವತ್ತು ಸಲ ಓದಿದರೂ ಅರ್ಥವಾಗಲಿಲ್ಲವೆಂದು ಆತನೇ ಬರೆದಿಟ್ಟಿದ್ದಾನೆ. ರಾತ್ರಿಯೆಲ್ಲ ದೀಪದ ಮುಂದೆ ಕುಳಿತು ಓದುವುದು ಆತನ ಅಭ್ಯಾಸವಾಯಿತು. ನಿದ್ರೆ ಒತ್ತಿ ಬಂದರೆ ಒಂದು ಬಟ್ಟಲು ದ್ರಾಕ್ಷಾರಸವನ್ನು ಕುಡಿದು ಮತ್ತೆ ಪುಸ್ತಕಕ್ಕೆ ಮರಳುತ್ತಿದ್ದನು. ಈ ಅಭ್ಯಾಸವು ಆತನನ್ನು ಕಡೆಯವರೆಗೂ ಬಿಡಲಿಲ್ಲ.

ಅರಸನಾದ ನೂಹ್ ಇಬ್ನ್ ಮನ್ಸೂರನು ಕಾಯಿಲೆ ಬಿದ್ದಾಗ ಆಸ್ಥಾನ ವೈದ್ಯರು ಈ ತರುಣನನ್ನು ಕರೆಸಿಕೊಂಡರು. ಚಿಕಿತ್ಸೆಯಲ್ಲಿ ಪಾಲುಗೊಂಡ ಆತನು ಬಳಿಕ ಬೇಡಿದ್ದು ಅರಮನೆಯ ಗ್ರಂಥಭಂಡಾರವನ್ನು ನೋಡುವ ಅಪ್ಪಣೆಯನ್ನು. ಆದರೆ ನೆಮ್ಮದಿಯ ಕಾಲ ಹೆಚ್ಚು ದಿನ ಉಳಿಯಲಿಲ್ಲ. ರಾಜ್ಯವು ಕುಸಿಯಿತು, ತಂದೆಯು ತೀರಿಕೊಂಡನು. ಇಬ್ನ್ ಸೀನಾ ಆಶ್ರಯವನ್ನು ಅರಸುತ್ತ ಊರಿಂದ ಊರಿಗೆ ಅಲೆದನು. ಜುರ್ಜಾನ್ ಎಂಬಲ್ಲಿ ಜೂಜ್ಜಾನಿ ಎಂಬ ಶಿಷ್ಯನು ಆತನನ್ನು ಸೇರಿದನು. ಅಲ್ಲಿಂದ ಮುಂದಿನ ಇಪ್ಪತ್ತೈದು ವರ್ಷಗಳ ಕಥೆಯನ್ನು ನಾವು ತಿಳಿದಿರುವುದು ಆ ಶಿಷ್ಯನ ಲೇಖನಿಯಿಂದ.

ವೈದ್ಯಸೂತ್ರವೆಂಬ ಅರ್ಥದ ‘ಕಾನೂನ್’ ಗ್ರಂಥವನ್ನು ಇಬ್ನ್ ಸೀನಾ ಜುರ್ಜಾನಿನಲ್ಲಿಯೇ ಆರಂಭಿಸಿದನು. ಐದು ಭಾಗಗಳ ಈ ಬೃಹತ್ಕೃತಿಯು ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ ಇಳಿದು, ಹದಿನೇಳನೆಯ ಶತಮಾನದವರೆಗೂ ಯೂರೋಪಿನ ವಿದ್ಯಾಪೀಠಗಳಲ್ಲಿ ಪಾಠವಾಗಿತ್ತು. ಶರೀರದ ನಾಲ್ಕು ರಸಗಳ ಏರುಪೇರಿನಿಂದ ರೋಗ ಬರುತ್ತದೆಂಬ ಅದರ ತಳಹದಿಯನ್ನು ವಿಜ್ಞಾನವು ಕೈಬಿಟ್ಟಿದೆ. ಆದರೂ ಅದರಲ್ಲಿ ಇಂದಿಗೂ ಗಮನಕ್ಕೆ ಯೋಗ್ಯವಾದ ಅಂಶಗಳಿವೆ. ಆರೋಗ್ಯರಕ್ಷಣೆಯ ಪ್ರಕರಣದಲ್ಲಿ ಆತನು ವ್ಯಾಯಾಮಕ್ಕೆ ಅಗ್ರಸ್ಥಾನವನ್ನು ಕೊಟ್ಟನು. ಆಹಾರ, ನಿದ್ರೆಗಳು ಅನಂತರ ಬಂದವು. ಮಿತವಾಗಿ, ಹೊತ್ತರಿತು ದೇಹವನ್ನು ದಂಡಿಸುವವನಿಗೆ ಔಷಧದ ಅಗತ್ಯ ಕಡಿಮೆಯೆಂಬುದು ಆತನ ನಿಲುವು. ಬಲಿಷ್ಠರಿಗೆ ಕುಸ್ತಿ, ಓಟ, ಬಿಲ್ಲುವಿದ್ಯೆ. ರೋಗದಿಂದ ಸೊರಗಿದವರಿಗೆ ಉಯ್ಯಾಲೆ, ದೋಣಿಯಾನದಂತಹ ಮೃದು ಚಲನೆ. ಹಸಿದಾಗ ಮಾತ್ರ ಉಣ್ಣಬೇಕು, ಹಸಿವು ಸ್ವಲ್ಪ ಉಳಿದಿರುವಾಗಲೇ ಏಳಬೇಕು ಎಂದು ಆತನು ವಿಧಿಸಿದನು. ಚಿಕಿತ್ಸೆಯಲ್ಲಿಯೂ ಸುಲಭವಾದ ಉಪಾಯವು ಫಲಿಸುವಾಗ ಕಠಿಣವಾದುದಕ್ಕೆ ಕೈಹಾಕಬಾರದೆಂದನು.

ಮೂಲಿಕೆಗಳ ವಿಷಯದಲ್ಲಿ ಆತನ ಎಚ್ಚರಿಕೆ ಇನ್ನೂ ಹೆಚ್ಚಿನದು. ನಮ್ಮ ದೇಶದ ಅಳಲೆಕಾಯಿಯೂ ಸೇರಿದಂತೆ ನೂರಾರು ದ್ರವ್ಯಗಳ ಗುಣಗಳನ್ನು ಎರಡನೆಯ ಭಾಗವು ವಿವರಿಸುತ್ತದೆ. ಆದರೆ ಒಂದು ಮೂಲಿಕೆ ಗುಣಕಾರಿಯೆಂದು ಜನ ಹೇಳಿದರೆ ಸಾಲದು. ಅದನ್ನು ಬೆರಕೆಯಿಲ್ಲದೆ, ಒಂದೇ ರೋಗವುಳ್ಳವನಿಗೆ ಕೊಟ್ಟು ನೋಡಬೇಕು. ಫಲವು ಮತ್ತೆ ಮತ್ತೆ ಕಾಣಬೇಕು. ಪರೀಕ್ಷೆಯು ಮನುಷ್ಯನ ದೇಹದ ಮೇಲೆಯೇ ನಡೆಯಬೇಕು, ಏಕೆಂದರೆ ಕುದುರೆಗೋ ಸಿಂಹಕ್ಕೋ ಒಗ್ಗಿದ್ದು ಮನುಷ್ಯನಿಗೆ ಒಗ್ಗದೆ ಹೋಗಬಹುದು. ಪ್ರಯೋಗಶಾಲೆಗಳಿಲ್ಲದ ಕಾಲದಲ್ಲಿ ಇಂತಹ ವಿವೇಚನೆ ಮೂಡಿದ್ದು ಸಣ್ಣ ಮಾತಲ್ಲ. ಪ್ರಮಾಣದ ವಿಚಾರದಲ್ಲಂತೂ ಆತನದು ಕಟ್ಟುನಿಟ್ಟು.

ಹಮದಾನಿನ ಅರಸ ಶಮ್ಸುದ್ದೌಲನ ಉದರಶೂಲೆಯನ್ನು ಗುಣಪಡಿಸಿದ್ದರಿಂದ ಇಬ್ನ್ ಸೀನಾನಿಗೆ ಮಂತ್ರಿಪದವಿ ದೊರೆಯಿತು. ಸೈನಿಕರು ದಂಗೆಯೆದ್ದು ಆತನ ಮನೆಯನ್ನು ಕೊಳ್ಳೆಹೊಡೆದು ತಲೆಯನ್ನೇ ಕೇಳಿದರು. ನಲವತ್ತು ದಿನ ಆತನು ಸ್ನೇಹಿತನೊಬ್ಬನ ಮನೆಯಲ್ಲಿ ಅಡಗಿದ್ದನು. ಅರಸನ ಹೊಟ್ಟೆನೋವು ಮರುಕಳಿಸಿದಾಗ ಮತ್ತೆ ಕರೆ ಬಂದಿತು, ಕ್ಷಮೆಯೂ ಮಂತ್ರಿಪದವಿಯೂ ಬಂದವು! ಹಗಲೆಲ್ಲ ರಾಜಕಾರ್ಯ, ರಾತ್ರಿ ಶಿಷ್ಯರಿಗೆ ಪಾಠ, ಬರವಣಿಗೆ, ಅದು ಮುಗಿದ ಮೇಲೆ ಗಾಯಕರು, ಪಾನಗೋಷ್ಠಿ. ಕಾನೂನ್ ಗ್ರಂಥವು ಪೂರ್ಣಗೊಂಡದ್ದು ಈ ದಿನಗಳಲ್ಲಿ. ಅರಸನು ೧೦೨೧ರಲ್ಲಿ ಸತ್ತ ಬಳಿಕ ಆತನನ್ನು ಫರ್ದಜಾನ್ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆಯಲ್ಲಿಟ್ಟರು. ಅಲ್ಲಿಯೂ ಲೇಖನಿ ನಿಲ್ಲಲಿಲ್ಲ. ಆಗ ಬರೆದ ಪುಸ್ತಕಗಳಲ್ಲಿ ಒಂದು ಉದರಶೂಲೆಯನ್ನು ಕುರಿತದ್ದು. ಬಿಡುಗಡೆಯಾದ ಮೇಲೆ ಸೂಫಿಯ ವೇಷದಲ್ಲಿ ತಪ್ಪಿಸಿಕೊಂಡು ಇಸ್ಫಹಾನಿನ ಅಲಾಉದ್ದೌಲನನ್ನು ಸೇರಿದನು.

ಅನ್ಯರಿಗೆ ಮಿತವನ್ನು ಬೋಧಿಸಿದ ವೈದ್ಯನು ತನ್ನ ದೇಹಕ್ಕೆ ಮಾತ್ರ ವಿಶ್ರಾಂತಿಯನ್ನು ಕೊಡಲಿಲ್ಲ. ಯುದ್ಧಯಾತ್ರೆಯೊಂದರಲ್ಲಿ ಅದೇ ಉದರಶೂಲೆ ಆತನನ್ನೂ ಹಿಡಿಯಿತು. ಸೈನ್ಯವು ಹಿಮ್ಮೆಟ್ಟಿದರೆ ತಾನು ಹಿಂದುಳಿಯುವೆನೆಂದು ಹೆದರಿ, ಬೇಗ ಗುಣವಾಗಲು ಒಂದೇ ದಿನದಲ್ಲಿ ಎಂಟು ಸಲ ಬಸ್ತಿಚಿಕಿತ್ಸೆ ಮಾಡಿಸಿಕೊಂಡನು. ಕರುಳಿನಲ್ಲಿ ಹುಣ್ಣಾಯಿತು. ಬಸ್ತಿಯ ಔಷಧಕ್ಕೆ ಎರಡು ದಾನಿಕ್ ತೂಕದ ಸೆಲರಿ ಬೀಜವನ್ನು ಹಾಕುವಂತೆ ಹೇಳಿದರೆ, ಉಪಚರಿಸುತ್ತಿದ್ದ ವೈದ್ಯನು ಐದು ದಿರ್ಹಮ್ ಹಾಕಿದನು. ಆರು ದಾನಿಕ್ ಸೇರಿ ಒಂದು ದಿರ್ಹಮ್. ಅಂದರೆ ಹದಿನೈದು ಪಟ್ಟು! ಅದು ತಪ್ಪಿನಿಂದ ಆದುದೋ, ಬೇಕೆಂದು ಮಾಡಿದುದೋ ತನಗೆ ತಿಳಿಯದೆಂದು ಜೂಜ್ಜಾನಿ ಬರೆದಿದ್ದಾನೆ. ಹಣ ಕದ್ದಿದ್ದ ಸೇವಕರು ಇನ್ನೊಂದು ಔಷಧದಲ್ಲಿ ಅಫೀಮನ್ನು ಬೆರೆಸಿದರೆಂದೂ ಅವನು ಹೇಳುತ್ತಾನೆ.

ಇಸ್ಫಹಾನಿಗೆ ಹೊತ್ತು ತಂದಾಗ ಇಬ್ನ್ ಸೀನಾನಿಗೆ ನಿಲ್ಲುವ ಶಕ್ತಿಯೂ ಇರಲಿಲ್ಲ. ತನಗೆ ತಾನೇ ಚಿಕಿತ್ಸೆ ಮಾಡಿಕೊಂಡು ನಡೆಯುವಷ್ಟಾದನು. ಆದರೆ ಪಥ್ಯವನ್ನು ಪಾಲಿಸಲಿಲ್ಲ. ಮರುವರ್ತಿಸಿದ ರೋಗದೊಡನೆಯೇ ಅರಸನ ಸಂಗಡ ಹಮದಾನಿಗೆ ಹೊರಟನು. ಅಲ್ಲಿಗೆ ತಲಪಿದಾಗ ದೇಹವನ್ನು ಆಳುವ ಶಕ್ತಿಯು ಉಡುಗಿತೆಂದು ಅರಿತು ಔಷಧಗಳನ್ನು ನಿಲ್ಲಿಸಿದನು. ಗುಲಾಮರನ್ನು ಬಿಡುಗಡೆ ಮಾಡಿ, ಇದ್ದುದನ್ನು ಬಡವರಿಗೆ ಹಂಚಿದನು. ೧೦೩೭ರಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ, ಆತನು ಹಮದಾನಿನಲ್ಲಿಯೇ ತೀರಿಕೊಂಡನು. ಗುರುವು ತಾನೇ ಹೇಳಿ ಬರೆಯಿಸಿದ್ದ ಬಾಲ್ಯದ ವೃತ್ತಾಂತಕ್ಕೆ ಜೂಜ್ಜಾನಿಯು ಉಳಿದ ಕಥೆಯನ್ನು ಸೇರಿಸಿ, ಸೆಲರಿ ಬೀಜದ ಆ ಸಂಶಯವನ್ನೂ ಮರೆಮಾಚದೆ ದಾಖಲಿಸಿದನು.